ನಂಜೇರಿದ ದೇಹದಲ್ಲಿ ಹೃದಯದ ನೆರೆಹೊರೆ



ವೇರೂಳದ ಕೈಲಾಸನಾಥನನ್ನು ನೋಡಲು ಹೋಗುವ ನಮ್ಮ ಸೀಮೆಯವರು, ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ ಬೆಟ್ಟವನ್ನೇ ಕಡಿದು ಮಾಡಿದ ಆ ದೇವಾಲಯದ ದರ್ಶನವಾದ ಮೇಲೆ, ಸಾಮಾನ್ಯವಾಗಿ ದೌಲತಾಬಾದಿನ ಕೋಟೆಯ ಕಡೆಗೆ ತಿರುಗಿಬಿಡುತ್ತಾರೆ; ನಡುವೆ, ಗುಡ್ಡದ ಮೇಲೆ, ಹಳೆಯ ಗೋಡೆಯ ಬಾಗಿಲುಗಳೊಳಗೆ ಕುಳಿತಿರುವ ಖುಲ್ತಾಬಾದ್ ಎಂಬ ಸಣ್ಣ ಊರನ್ನು ಬಸ್ಸಿನ ಕಿಟಕಿಯಿಂದ ಕಂಡಷ್ಟು ಕಂಡು ಮುಂದೆ ಸಾಗುತ್ತಾರೆ. ಅದು ಗೋರಿಗಳ ಊರು. ಕಲಬುರಗಿಯ ಬಂದೇನವಾಜರ ತಂದೆಯವರ ಸಮಾಧಿ ಅಲ್ಲಿದೆ. ಮಲಿಕ್ ಅಂಬರನ ಗುಮ್ಮಟ ಅಲ್ಲಿದೆ. ಹೈದರಾಬಾದಿನ ಮೊದಲನೆಯ ನಿಜಾಮನೂ ಅಲ್ಲಿಯೇ ಮಲಗಿದ್ದಾನೆ. ಶೇಖ್ ಜೈನುದ್ದೀನರ ದರ್ಗಾದ ಅಂಗಳದ ಒಂದು ಮಗ್ಗುಲಲ್ಲಿ, ಮೇಲೆ ಚಾವಣಿಯಿಲ್ಲದೆ, ಬಿಸಿಲು ಮಳೆಗಳಿಗೆ ತೆರೆದುಕೊಂಡು ಇರುವುದು ಔರಂಗಜೇಬನ ಗೋರಿ; ಅದರ ಸುತ್ತಣ ಅಮೃತಶಿಲೆಯ ಜಾಲಂಧ್ರ ಬಹುಕಾಲದ ಮೇಲೆ, ಕರ್ಜನ್ ಸಾಹೇಬನ ಮಾತಿನ ಮೇರೆಗೆ, ಬಂದದ್ದು.

ಆ ದೊರೆಯ ಗುಣದೋಷಗಳ ವಿಚಾರ ಇಂದಿನ ಭಾಷಣದ್ದಲ್ಲ. ನನಗೆ ಬೇಕಾದದ್ದು ಅವನ ಕೊನೆಯ ಎರಡು ವರ್ಷ. 1705ರಲ್ಲಿ ನಮ್ಮ ಸುರಪುರದ ಬೇಡನಾಯಕರ ವಾಗಣಗೇರಿ ಕೋಟೆಯನ್ನು ಅವನು ಹಿಡಿದನು. ಅದೇ ಅವನ ಕಡೆಯ ಮುತ್ತಿಗೆ. ಅನಂತರ ಕೃಷ್ಣಾ ತೀರಕ್ಕೆ ಸಮೀಪದ ದೇವಾಪುರದ ಬಿಡಾರದಲ್ಲಿ ಕಾಯಿಲೆ ಬಿದ್ದನು. ಮೈಕೈ ನೋವು, ಆಗಾಗ ಮೂರ್ಛೆ. ಪಾಳೆಯವೆಲ್ಲ ಅವನ ಆಸೆ ಬಿಟ್ಟಿತ್ತು. ಆದರೂ ಎದ್ದು ಕುಳಿತನು. 1707ರ ಆರಂಭದಲ್ಲಿ, 88ನೆಯ ವಯಸ್ಸಿನಲ್ಲಿ, ಅಹಮದನಗರದಲ್ಲಿ ಮತ್ತೆ ಜ್ವರ ಬಂದಿತು. ಈ ಸಲ ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು, ಶವವನ್ನು ಖುಲ್ತಾಬಾದಿಗೆ ತಂದರು.

ಅಂಥ ಜ್ವರದ ಹಾಸಿಗೆಯ ಪಕ್ಕದಲ್ಲಿ ಕುಳಿತ ಹಕೀಮನಾಗಲಿ, ಅದೇ ಕಾಲದಲ್ಲಿ ನಮ್ಮ ಹಳ್ಳಿಯ ಒಬ್ಬ ಒಕ್ಕಲಿಗನ ಕೈ ಹಿಡಿದು ಕುಳಿತ ವೈದ್ಯನಾಗಲಿ, ಬೆರಳ ತುದಿಯಲ್ಲಿ ಅರಿಯುತ್ತಿದ್ದುದು ಒಂದೇ. ಮೊದಲು ನಾಡಿ ಓಡುತ್ತದೆ. ಆಮೇಲೆ ಎಳೆಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಬಹಳ ಸಲ ರೋಗವು ಇದ್ದದ್ದು ಶ್ವಾಸಕೋಶದಲ್ಲಿ, ಇಲ್ಲವೆ ಹೊಟ್ಟೆಯಲ್ಲಿ, ಇಲ್ಲವೆ ಹೊಲದಲ್ಲಿ ಕಾಲಿಗೆ ನೆಟ್ಟ ಒಂದು ಮುಳ್ಳಿನ ಗಾಯದಲ್ಲಿ. ಸೋತದ್ದು ಮಾತ್ರ ಎದೆ. ಕ್ರಿಮಿಯು ಕಾಲಿಡದ ಕಡೆಯಲ್ಲಿಯೂ ಹೃದಯವೇಕೆ ಕುಗ್ಗಬೇಕು? ಕುಗ್ಗಿದ ಹೃದಯವನ್ನು ಕೆಲವರಲ್ಲಿ ಮತ್ತೆ ಎತ್ತಿ ನಿಲ್ಲಿಸುವುದು ಯಾವುದು? ಇದೇ ಇಂದಿನ ವಿಷಯ.

ಮೊದಲು ರೋಗದ ಸ್ವರೂಪವನ್ನು ಹೇಳಿಬಿಡುತ್ತೇನೆ. ನಾವು ‘ನಂಜೇರಿತು’ ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಸೆಪ್ಸಿಸ್ ಎನ್ನುತ್ತಾರೆ. ಸೋಂಕನ್ನು ಎದುರಿಸಲು ಹೊರಟ ದೇಹದ ಪ್ರತಿಕ್ರಿಯೆಯೇ ಅಂಕೆ ಮೀರಿ, ತನ್ನ ಅಂಗಗಳನ್ನೇ ಕೆಡಿಸಿ, ಪ್ರಾಣಕ್ಕೆ ಸಂಚಕಾರ ತರುವ ಸ್ಥಿತಿ ಅದು. 2016ರಲ್ಲಿ ಜಗತ್ತಿನ ತಜ್ಞರು ಒಪ್ಪಿದ ಲಕ್ಷಣವಾಕ್ಯದ ಸಾರ ಇಷ್ಟೇ. 2017ರ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಹೀಗೆ ನಂಜೇರಿತೆಂದೂ, ಅವರಲ್ಲಿ 1 ಕೋಟಿ 10 ಲಕ್ಷದಷ್ಟು ಜನ ತೀರಿಕೊಂಡರೆಂದೂ ಅಂದಾಜು. ಆ ವರ್ಷ ಲೋಕದಲ್ಲಿ ಸತ್ತ ಐವರಲ್ಲಿ ಒಬ್ಬರು ಎಂದ ಹಾಗಾಯಿತು. ನ್ಯುಮೋನಿಯಾ, ಬಾಣಂತಿಯ ಜ್ವರ, ಮೂತ್ರಮಾರ್ಗದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಒಡೆದ ಕರುಳು: ದಾರಿಗಳು ಅನೇಕ, ಸೇರುವ ಸ್ಥಾನ ಒಂದೇ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಗಂಟಲಮಾರಿ ಎಂಬ ರೋಗವನ್ನು ಹಿರಿಯರು ಬಲ್ಲರು. ಅದರ ಕ್ರಿಮಿ ಗಂಟಲಲ್ಲಿಯೇ ಕುಳಿತು ಒಂದು ವಿಷವನ್ನು ರಕ್ತಕ್ಕೆ ಬಿಡುತ್ತದೆ. ಆ ವಿಷವು ಹೃದಯದ ಜೀವಕೋಶದೊಳಕ್ಕೆ ನುಗ್ಗಿ, ಅಲ್ಲಿ ಪ್ರೋಟೀನಿನ ನಿರ್ಮಾಣವನ್ನೇ ನಿಲ್ಲಿಸಿ, ಕೋಶವನ್ನು ಕೊಲ್ಲುತ್ತದೆ. ಅದು ನೇರವಾದ ಕೊಲೆ. ನಾವು ಹೇಳಹೊರಟಿರುವ ನಂಜಿನಲ್ಲಿ ಸಂಗತಿ ಹಾಗಿಲ್ಲ. ಹೃದಯಸ್ನಾಯುವಿನ ಕೋಶಗಳು ಬಹುಮಟ್ಟಿಗೆ ಸಾಯುವುದಿಲ್ಲ. ಬದುಕಿದ್ದುಕೊಂಡೇ ದುಡಿಮೆಯನ್ನು ತಗ್ಗಿಸುತ್ತವೆ.

ಇದು ತಿಳಿದುಬಂದದ್ದು ಹೇಗೆ ಎಂಬುದು ಸ್ವಾರಸ್ಯವಾದ ಕಥೆ. ಆರೋಗ್ಯವಂತನ ಹೃದಯದ ಎಡಗೋಣೆಯಲ್ಲಿ 100 ಪಾಲು ರಕ್ತ ತುಂಬಿದರೆ, ಒಂದು ಬಡಿತಕ್ಕೆ ಸುಮಾರು 60 ಪಾಲು ಹೊರಕ್ಕೆ ಹೋಗುತ್ತದೆ. 1984ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು, ನಂಜೇರಿ ರಕ್ತದ ಒತ್ತಡ ಕುಸಿದ 20 ರೋಗಿಗಳ ಹೃದಯವನ್ನು ದಿನದಿನವೂ ಅಳೆದು ನೋಡಿದರು. ಹಲವರಲ್ಲಿ ಆ 60 ಪಾಲು 40ಕ್ಕಿಂತ ಕೆಳಗೆ ಇಳಿದಿತ್ತು. ಹೃದಯ ಹಿಗ್ಗಿ, ಸಡಿಲವಾಗಿತ್ತು. ಇಷ್ಟಾದರೆ ಆಶ್ಚರ್ಯವಿಲ್ಲ. ಆಶ್ಚರ್ಯವೇನೆಂದರೆ, ಹೀಗೆ ಹಿಗ್ಗಿ ದುರ್ಬಲವಾದ ಹೃದಯದವರೇ ಹೆಚ್ಚಾಗಿ ಬದುಕಿ ಉಳಿದರು. ಉಳಿದವರ ಹೃದಯ ಸುಮಾರು 10 ದಿನಗಳಲ್ಲಿ ಮೊದಲಿನ ಅಳತೆಗೆ ಬಂದಿತು. ಸತ್ತ ಕೋಶ ಹತ್ತು ದಿನದಲ್ಲಿ ಮರಳಿ ಹುಟ್ಟುವುದಿಲ್ಲ. ಹೃದಯದಲ್ಲಂತೂ ಹುಟ್ಟುವುದೇ ಅಪರೂಪ. ಆದಕಾರಣ ಅವು ಸತ್ತೇ ಇರಲಿಲ್ಲವೆಂದು ತರ್ಕಿಸಬೇಕಾಯಿತು. ಈ ತರ್ಕಕ್ಕೆ ಪ್ರತ್ಯಕ್ಷ ಪ್ರಮಾಣ ದೊರೆತದ್ದು 2013ರಲ್ಲಿ. ತೀವ್ರನಿಗಾ ಕೊಠಡಿಯಲ್ಲಿ ನಂಜಿನಿಂದ ತೀರಿಕೊಂಡವರ ಹೃದಯವನ್ನು, ಬಂಧುಗಳ ಒಪ್ಪಿಗೆಯಿಂದ, ಮರಣವಾದ ಅಲ್ಪಕಾಲದೊಳಗೇ ಪರೀಕ್ಷಿಸಿದಾಗ, ಸತ್ತ ಸ್ನಾಯುಕೋಶಗಳು ಅಲ್ಲೊಂದು ಇಲ್ಲೊಂದು ಮಾತ್ರ ಕಂಡವು.

1985ರಲ್ಲಿ ಬೆಥೆಸ್ಡಾದ ಅದೇ ತಂಡದವರು ಇನ್ನೊಂದು ಪ್ರಯೋಗ ಮಾಡಿದರು. ಅದನ್ನು ಸ್ವಲ್ಪ ನಿಧಾನವಾಗಿ ವರ್ಣಿಸುತ್ತೇನೆ. ಆಗತಾನೆ ಹುಟ್ಟಿದ ಇಲಿಮರಿಯ ಹೃದಯದ ಕೋಶಗಳನ್ನು ಬೇರ್ಪಡಿಸಿ, ಗಾಜಿನ ಬಟ್ಟಲಿನಲ್ಲಿ ಪೋಷಕದ್ರವದೊಳಗೆ ಇಟ್ಟರೆ, ಅವು ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಕೋಶವೂ ಕುಗ್ಗಿ ಹಿಗ್ಗುವುದು ಕಾಣುತ್ತದೆ. ಎಷ್ಟು ಕುಗ್ಗಿತೆಂಬುದನ್ನು ಅಳೆಯಲೂ ಬರುತ್ತದೆ. ಆ ಬಟ್ಟಲಿಗೆ ಆರೋಗ್ಯವಂತನ ರಕ್ತದ ಸೀರಮ್ಮನ್ನು ಹಾಕಿದರು. ಕೋಶಗಳು ಮೊದಲಿನಂತೆಯೇ ಮಿಡಿದವು. ನಂಜೇರಿ ಹೃದಯ ಕುಗ್ಗಿದ ರೋಗಿಯ ಸೀರಮ್ಮನ್ನು ಹಾಕಿದರು. ಮಿಡಿತ ತಗ್ಗಿತು. ಅದೇ ರೋಗಿ ಗುಣಹೊಂದಿದ ಮೇಲೆ ತೆಗೆದ ಸೀರಮ್ಮನ್ನು ಹಾಕಿದರು. ಮಿಡಿತ ತಗ್ಗಲಿಲ್ಲ. ಹಾಗಾದರೆ ಆ ದುರ್ದಿನಗಳಲ್ಲಿ ರೋಗಿಯ ರಕ್ತದಲ್ಲಿ ಏನೋ ಒಂದು ಹರಿಯುತ್ತಿತ್ತು. ಅದು ಕೊಲ್ಲುತ್ತಿರಲಿಲ್ಲ, ‘ಮೆಲ್ಲಗಾಗು’ ಎಂದು ಹೇಳುತ್ತಿತ್ತು. ಸುಮಾರು ಹತ್ತು ವರ್ಷಗಳ ಶೋಧನೆಯ ಮೇಲೆ ಆ ಹೇಳಿಕೆಯ ಮುಖ್ಯ ವಾಹಕಗಳು ಎರಡೆಂದು ಗೊತ್ತಾಯಿತು. ಒಂದು ಟಿಎನ್‌ಎಫ್, ಇನ್ನೊಂದು ಇಂಟರ್‌ಲ್ಯೂಕಿನ್-1. ಇವು ಕ್ರಿಮಿಯ ವಿಷಗಳಲ್ಲ, ನಮ್ಮ ದೇಹದ ಬಿಳಿಯ ರಕ್ತಕಣಗಳೂ ಅವುಗಳ ಬಂಧುಗಳೂ ಒಂದಕ್ಕೊಂದು ಕಳಿಸಿಕೊಳ್ಳುವ ಸಂದೇಶಗಳು.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ನಂಜೇರಿದಾಗ ಹೃದಯ ಕುಗ್ಗುತ್ತದೆ. ಕೋಶಗಳು ಸಾಯುವುದಿಲ್ಲ. ಅವುಗಳನ್ನು ಕುಗ್ಗಿಸುವುದು ದೇಹದ ಕೋಶಗಳೇ ಆಡುವ ಮಾತು. ಇನ್ನು ಮುಂದಿನ ಪ್ರಶ್ನೆ: ಕುಗ್ಗಿಸುವ ಮಾತು ಇದ್ದ ಹಾಗೆ, ಕಾಪಾಡುವ ಮಾತೂ ಇದೆಯೆ?

ಇದೆ. ಅದನ್ನು ಅರಿಯಬೇಕಾದರೆ ಹೃದಯದೊಳಗೆ ಯಾರು ಯಾರು ವಾಸವಾಗಿದ್ದಾರೆಂದು ತಿಳಿಯಬೇಕು. ಹೃದಯವೆಂದರೆ ಬರಿಯ ಸ್ನಾಯುವೆಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಗಾತ್ರದಲ್ಲಿ ಅದು ನಿಜ. ಲೆಕ್ಕದಲ್ಲಿ ನಿಜವಲ್ಲ. ಹೃದಯದ ಕೋಶಗಳಲ್ಲಿ ಮಿಡಿಯುವ ಸ್ನಾಯುಕೋಶಗಳು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದವು, ಸೂಕ್ಷ್ಮ ರಕ್ತನಾಳಗಳ ಒಳಮೈಯನ್ನು ಹೊದಿಸಿರುವ ಚಪ್ಪಟೆ ಕೋಶಗಳು, ನಾರನ್ನು ನೇಯುವ ಕೋಶಗಳು, ನರಗಳ ತುದಿಗಳ ಸುತ್ತಣ ಕೋಶಗಳು, ಮತ್ತು ಅಲ್ಲಿಯೇ ನೆಲೆನಿಂತ ಭಕ್ಷಕಕೋಶಗಳು. ದಿನವೊಂದಕ್ಕೆ ಲಕ್ಷ ಸಲ ಮಿಡಿಯುವ ಕೋಶವು ಒಂದು ಕ್ಷಣವೂ ಒಂಟಿಯಾಗಿರುವುದಿಲ್ಲ. ಅದರ ಮಗ್ಗುಲಲ್ಲಿ ಒಂದು ರಕ್ತನಾಳ, ತುದಿಯಲ್ಲಿ ತನ್ನಂಥದೇ ಇನ್ನೊಂದು ಕೋಶ, ಸಂದಿನಲ್ಲಿ ಒಬ್ಬ ಭಕ್ಷಕ.

ಈ ನೆರೆಹೊರೆಯ ಮಾತನ್ನು ಮೊದಲು ಕೇಳಿಸಿಕೊಂಡವನು ಆಸ್ಟ್ರಿಯಾದ ಗ್ರಾಜ್ ಪಟ್ಟಣದ ಆಟೋ ಲೋವಿ. ನರವು ಹೃದಯಕ್ಕೆ ಆಜ್ಞೆಯನ್ನು ತಲಪಿಸುವುದು ವಿದ್ಯುತ್ತಿನಿಂದಲೋ, ಯಾವುದಾದರೂ ದ್ರವ್ಯದಿಂದಲೋ ಎಂಬ ವಾದ ಆಗ ನಡೆದಿತ್ತು. 1920ರ ಈಸ್ಟರಿನ ಒಂದು ರಾತ್ರಿ ಅವನಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಅರೆನಿದ್ದೆಯಲ್ಲಿಯೇ ಕಾಗದದ ಚೂರಿನ ಮೇಲೆ ಗೀಚಿಟ್ಟು ಮಲಗಿದನು. ಬೆಳಗಾದರೆ ತನ್ನ ಬರಹ ತನಗೇ ಓದಲು ಬಾರದು. ಮಾರನೆಯ ರಾತ್ರಿ ಕನಸು ಮರಳಿ ಬಂದಿತು. ಈ ಸಲ ಅವನು ಕಾಗದವನ್ನು ನೆಚ್ಚಲಿಲ್ಲ. ಎದ್ದು ನೆಟ್ಟಗೆ ಪ್ರಯೋಗಶಾಲೆಗೆ ಹೋದನು. ಎರಡು ಕಪ್ಪೆಗಳ ಹೃದಯವನ್ನು ತೆಗೆದು ಉಪ್ಪುನೀರಿನಂಥ ದ್ರವದಲ್ಲಿಟ್ಟನು. ಎರಡೂ ಮಿಡಿಯುತ್ತಿದ್ದವು. ಒಂದಕ್ಕೆ ಮಾತ್ರ ವೇಗಸ್ ನರವನ್ನು ಉಳಿಸಿಕೊಂಡಿದ್ದನು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯಲ್ಲಿ ಇಳಿದು ಎದೆಗೂ ಹೊಟ್ಟೆಗೂ ಹೋಗುವ ದೀರ್ಘವಾದ ನರ ಅದು. ಅದನ್ನು ವಿದ್ಯುತ್ತಿನಿಂದ ಕೆಣಕಿದಾಗ ಆ ಹೃದಯ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ತೆಗೆದು, ನರವೇ ಇಲ್ಲದ ಎರಡನೆಯ ಹೃದಯದ ಮೇಲೆ ಬಿಟ್ಟನು. ಅದೂ ನಿಧಾನವಾಯಿತು! ನರದ ಮಾತು ದ್ರವದಲ್ಲಿ ಕರಗಿ ಬಂದಿತ್ತು. ಆ ದ್ರವ್ಯದ ಹೆಸರು ಅಸಿಟೈಲ್‌ಕೋಲಿನ್. ಇದಕ್ಕಾಗಿ 1936ರಲ್ಲಿ ಹೆನ್ರಿ ಡೇಲನೊಡನೆ ಲೋವಿಗೆ ನೊಬೆಲ್ ಪಾರಿತೋಷಕ ದೊರಕಿತು. ಎರಡೇ ವರ್ಷಗಳಲ್ಲಿ ನಾಜಿಗಳು ಅವನನ್ನು ಸೆರೆಗೆ ಹಾಕಿ, ಆ ಪಾರಿತೋಷಕದ ಹಣವನ್ನೂ ಕಸಿದುಕೊಂಡು, ದೇಶ ಬಿಡಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪುಟಗಳನ್ನೂ ಓದಬೇಕಾಗುತ್ತದೆ.

ಲೋವಿಯ ಪ್ರಯೋಗದಿಂದ 80 ವರ್ಷ ಮುಂದಕ್ಕೆ ಬರೋಣ. 2000ದಲ್ಲಿ ನ್ಯೂಯಾರ್ಕಿನ ಸಮೀಪ ಕೆವಿನ್ ಟ್ರೇಸಿ ಎಂಬ ಶಸ್ತ್ರವೈದ್ಯನೂ ಅವನ ಸಂಗಡಿಗರೂ, ಇಲಿಗಳಿಗೆ ಕ್ರಿಮಿಯ ಹೊರಕವಚದ ವಿಷವನ್ನು ಕೊಟ್ಟು, ಅದೇ ವೇಗಸ್ ನರವನ್ನು ಕೆಣಕಿ ನೋಡಿದರು. ಟಿಎನ್‌ಎಫ್ ಪ್ರಮಾಣ ಇಳಿಯಿತು. ರಕ್ತದ ಒತ್ತಡ ಕುಸಿಯುವುದು ತಪ್ಪಿತು. ನರದ ಆಜ್ಞೆಯು ಗುಲ್ಮಕ್ಕೆ ಹೋಗಿ, ಅಲ್ಲಿನ ಒಂದು ಬಗೆಯ ಬಿಳಿಕಣಗಳು ಅಸಿಟೈಲ್‌ಕೋಲಿನ್ನನ್ನು ತಯಾರಿಸಿ, ಭಕ್ಷಕಕೋಶದ ಮೈಮೇಲಿನ ಗ್ರಾಹಕಕ್ಕೆ ಮುಟ್ಟಿಸಿ, ‘ಇನ್ನು ಸಾಕು’ ಎಂದು ಹೇಳುತ್ತವೆಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಹೃದಯದ ಓಟವನ್ನು ತಡೆಯುವ ನರವೇ, ಹೃದಯವನ್ನು ಕುಗ್ಗಿಸುವ ಸಂದೇಶದ ಮೂಲವನ್ನೂ ತಡೆಯುತ್ತದೆ. ನನಗಂತೂ ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಬೇರೆ ಕಂಡಿಲ್ಲ.

ಮೊದಲನೆಯ ಕಾಪಾಡುವ ಮಾತು ನರದಿಂದ ಬಂದಿತು. ಎರಡನೆಯದು ರಕ್ತನಾಳದಿಂದ ಬರುತ್ತದೆ.

ಹೃದಯದ ಸೂಕ್ಷ್ಮ ನಾಳಗಳ ಒಳಮೈಯ ಕೋಶಗಳು ನ್ಯೂರೆಗುಲಿನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದು ದೂರ ಹೋಗುವುದಿಲ್ಲ. ಪಕ್ಕದ ಸ್ನಾಯುಕೋಶದ ಮೈಮೇಲೆ ಅದಕ್ಕೆಂದೇ ಇರುವ ಗ್ರಾಹಕಗಳಿಗೆ ಅಂಟಿಕೊಂಡು, ‘ಬದುಕು, ನಿನ್ನ ಕಟ್ಟನ್ನು ಸಡಿಲಿಸಬೇಡ’ ಎಂದು ತಿಳಿಸುತ್ತದೆ. ಇದರ ಬೆಲೆ ವೈದ್ಯರಿಗೆ ಮನವರಿಕೆಯಾದದ್ದು ಒಂದು ಔಷಧದ ಅನಿರೀಕ್ಷಿತ ದುಷ್ಪರಿಣಾಮದಿಂದ. 1998ರಲ್ಲಿ ಸ್ತನದ ಕ್ಯಾನ್ಸರಿಗೆ ಹರ್ಸೆಪ್ಟಿನ್ ಎಂಬ ಹೊಸ ಮದ್ದು ಬಂದಿತು. ಕ್ಯಾನ್ಸರಿನ ಕೋಶದ ಮೇಲೆ ಅದು ಹಿಡಿಯುವ ಗ್ರಾಹಕವೂ, ನ್ಯೂರೆಗುಲಿನ್ನಿನ ಮಾತನ್ನು ಹೃದಯದ ಕೋಶದೊಳಕ್ಕೆ ಸಾಗಿಸುವ ಗ್ರಾಹಕವೂ ಒಂದೇ. ಗಡ್ಡೆ ಕರಗಿತು, ಆದರೆ ಕೆಲವು ಹೆಂಗಸರ ಹೃದಯ ಸಡಿಲವಾಯಿತು. ಇಂದಿಗೂ ಆ ಮದ್ದನ್ನು ಕೊಡುವಾಗ ಕೆಲವು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ. ನೆರೆಯವನ ಮಾತು ಕೇಳಿಸದಂತಾದರೆ ಹೃದಯ ಸೋಲುತ್ತದೆಂಬುದನ್ನು ಮನುಷ್ಯರಲ್ಲಿಯೇ ತೋರಿಸಿಕೊಟ್ಟ ದೃಷ್ಟಾಂತ ಇದು. ನಂಜೇರಿದಾಗ ಮೊದಲು ಪೆಟ್ಟು ತಿನ್ನುವುದು ನಾಳದ ಒಳಮೈಯೇ. ಮಾತನಾಡತಕ್ಕವನೇ ಹಾಸಿಗೆ ಹಿಡಿದಿರುತ್ತಾನೆ. ನಂಜೇರಿದ ಇಲಿಗಳಿಗೆ ಹೊರಗಿನಿಂದ ನ್ಯೂರೆಗುಲಿನ್ ಕೊಟ್ಟಾಗ ಹೃದಯದ ಕೆಲಸ ಸುಧಾರಿಸಿತು.

ನರದ ಮಾತಾಯಿತು. ನಾಳದ ಮಾತಾಯಿತು. ಇನ್ನು ಮೂರನೆಯವನು, ಹೃದಯದಲ್ಲಿಯೇ ನೆಲೆನಿಂತ ಭಕ್ಷಕ.

ಭಕ್ಷಕಕೋಶವೆಂದರೆ ಕ್ರಿಮಿಯನ್ನು ನುಂಗುವ ಯೋಧನೆಂದು ಹಳೆಯ ಪುಸ್ತಕಗಳು ಹೇಳುತ್ತವೆ. ಯೋಧರು ಇದ್ದಾರೆ, ನಿಜ. ನಂಜೇರಿದಾಗ ರಕ್ತದಿಂದ ಹೊಸದಾಗಿ ನುಗ್ಗುವವರು ಬಹುಮಟ್ಟಿಗೆ ಅಂಥವರೇ, ಹೃದಯಕ್ಕೆ ಅವರಿಂದ ಹಾನಿಯೂ ಉಂಟು. ಆದರೆ ಹುಟ್ಟಿನ ಮುಂಚಿನಿಂದಲೂ ಹೃದಯದಲ್ಲಿ ಮನೆಮಾಡಿಕೊಂಡಿರುವ ಇನ್ನೊಂದು ಕುಲವಿದೆ. ಅವರ ಕೆಲಸ ಬೇರೆ. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ತೋರಿಸಿದ ಪ್ರಕಾರ, ಈ ಭಕ್ಷಕರು ಹೃದಯದ ಸ್ನಾಯುಕೋಶಗಳೊಡನೆ ಸೂಕ್ಷ್ಮವಾದ ನಾಳಸಂಧಿಗಳಿಂದ ಕೂಡಿಕೊಂಡು, ಮಿಡಿತದ ವಿದ್ಯುತ್ತು ಸರಾಗವಾಗಿ ಹರಿಯಲು ನೆರವಾಗುತ್ತಾರೆ. ಅವರನ್ನು ತೆಗೆದುಹಾಕಿದ ಇಲಿಗಳಲ್ಲಿ ಮೇಲ್ಗೋಣೆಯ ಸಂದೇಶ ಕೆಳಗೋಣೆಗೆ ತಲಪುವುದು ತಡವಾಯಿತು, ಕೆಲವು ಸಲ ತಪ್ಪಿಯೇ ಹೋಯಿತು.

ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅವರ ಇನ್ನೊಂದು ಸೇವೆ. ಹೃದಯದ ಕೋಶದ ಗಾತ್ರದಲ್ಲಿ ಸುಮಾರು 30 ಪಾಲನ್ನು ಮೈಟೋಕಾಂಡ್ರಿಯಾಗಳೇ ತುಂಬಿಕೊಂಡಿರುತ್ತವೆ. ಪ್ರಾಣವಾಯುವನ್ನು ಬಳಸಿ ಕಸುವನ್ನು ಉತ್ಪಾದಿಸುವ ಕಣಗಳು ಅವು. ನಂಜಿನಲ್ಲಿ ಇವು ಕೆಡುತ್ತವೆ. ಕೆಟ್ಟ ಕಣ ಒಳಗೇ ಉಳಿದರೆ ಕೋಶಕ್ಕೆ ವಿಷವಾಗುತ್ತದೆ. ಆದಕಾರಣ ಸ್ನಾಯುಕೋಶವು ಅವುಗಳನ್ನು ಒಂದು ಪೊರೆಯಲ್ಲಿ ಸುತ್ತಿ ಹೊರಕ್ಕೆ ತಳ್ಳುತ್ತದೆ. ಹೊರಗೆ ಕಾದುಕೊಂಡಿರುವ ಭಕ್ಷಕನು ನುಂಗಿ ಅರಗಿಸಿಕೊಳ್ಳುತ್ತಾನೆ. ತಾನು ಮಿಡಿಯುವ ಕೆಲಸವನ್ನು ಒಂದು ಗಳಿಗೆಯೂ ನಿಲ್ಲಿಸಲಾರದ ಕೋಶ, ತನ್ನ ಮನೆಯ ಶುದ್ಧಿಯನ್ನು ನೆರೆಯವನಿಗೆ ವಹಿಸಿಕೊಟ್ಟಿದೆ. ಇದು 2020ರಲ್ಲಿ ಬೆಳಕಿಗೆ ಬಂದಿತು. 2023ರಲ್ಲಿ ಚೀನಾದ ಸಂಶೋಧಕರು ನಂಜೇರಿದ ಇಲಿಗಳ ಹೃದಯದಲ್ಲಿ ಇಂಥ ಭಕ್ಷಕರ ಒಂದು ವಿಶಿಷ್ಟ ಪಂಗಡವನ್ನು ಗುರುತಿಸಿದರು. ಅವರ ಮೈಮೇಲೆ ಟ್ರೆಮ್-2 ಎಂಬ ಗ್ರಾಹಕ ಸಮೃದ್ಧವಾಗಿರುತ್ತದೆ. ಆ ಗ್ರಾಹಕವಿಲ್ಲದ ಇಲಿಗಳಲ್ಲಿ ಕೆಟ್ಟ ಮೈಟೋಕಾಂಡ್ರಿಯಾಗಳು ಕೂಡಿಕೊಂಡವು, ಹೃದಯ ಹೆಚ್ಚು ಸೋತಿತು. ಅಂಥ ಭಕ್ಷಕರನ್ನು ಹೃದಯಕ್ಕೆ ಒದಗಿಸಿದಾಗ ಸ್ಥಿತಿ ಮೇಲಾಯಿತು.

ನಾಲ್ಕನೆಯ ಮಾರ್ಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೋಶಗಳು ಒಂಟಿ ದ್ರವ್ಯಗಳನ್ನು ಮಾತ್ರವಲ್ಲದೆ, ಅತಿಸೂಕ್ಷ್ಮವಾದ ಕೋಶಿಕೆಗಳನ್ನು ತುಂಬಿ ಕಳಿಸುವುದೂ ಉಂಟು. ಎಕ್ಸೋಸೋಮ್ ಎಂದು ಅವುಗಳ ಹೆಸರು. 1983ರಲ್ಲಿ ಮೊದಲು ಕಂಡಾಗ, ಕೆಂಪು ರಕ್ತಕಣವು ಬೆಳೆಯುವಾಗ ಹೊರಹಾಕುವ ಕಸವೆಂದೇ ಬಹುಜನ ಎಣಿಸಿದ್ದರು. ಈಗ ನೋಡಿದರೆ ಅವುಗಳೊಳಗೆ ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ಬರಹಗಳಿರುತ್ತವೆ. ಅವು ತಲಪಿದ ಕೋಶದಲ್ಲಿ ಯಾವ ಪ್ರೋಟೀನು ಕಡಮೆಯಾಗಬೇಕೆಂಬುದನ್ನು ನಿರ್ಣಯಿಸುತ್ತವೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಸ್ಥಿಮಜ್ಜೆಯ ಮೂಲಕೋಶಗಳು ಬಿಟ್ಟ ಇಂಥ ಕೋಶಿಕೆಗಳನ್ನು ಕರುಳಿನಿಂದ ನಂಜೇರಿಸಿದ ಇಲಿಗಳಿಗೆ ಕೊಟ್ಟಾಗ ಹೃದಯ ಉಳಿಯಿತು. ಆ ಕೋಶಿಕೆಗಳೊಳಗಿನ 223 ಎಂಬ ಸಂಖ್ಯೆಯ ಮೈಕ್ರೋ ಆರ್‌ಎನ್‌ಎ ಇಲ್ಲದಿದ್ದರೆ ಆ ಪ್ರಯೋಜನವೂ ಇಲ್ಲವಾಯಿತು.

ಹೀಗೆ ನರ, ನಾಳ, ಭಕ್ಷಕ, ಕೋಶಿಕೆ ಎಂಬ ನಾಲ್ಕು ದಾರಿಗಳಿಂದ ಹೃದಯಕ್ಕೆ ಅಭಯದ ಮಾತು ಬರುತ್ತದೆ. ‘ಹಾಗಾದರೆ ಮದ್ದೆಲ್ಲಿ, ಸ್ವಾಮಿ?’ ಎಂದು ತಾವು ಕೇಳುವುದು ನ್ಯಾಯ.

ಇಲ್ಲಿ ಸ್ವಲ್ಪ ಕಹಿಯಾದ ಚರಿತ್ರೆಯಿದೆ. ಟಿಎನ್‌ಎಫ್ ಹೃದಯವನ್ನು ಕುಗ್ಗಿಸುತ್ತದೆಂದು ಗೊತ್ತಾದ ಕೂಡಲೆ, ಅದನ್ನು ಹಿಡಿದು ಕಟ್ಟಿಹಾಕಿದರೆ ರೋಗಿ ಬದುಕುತ್ತಾನೆಂದು ಎಲ್ಲರೂ ನಂಬಿದರು. ಇಲಿ ಬದುಕಿತು, ಬಬೂನ್ ಕೋತಿಯೂ ಬದುಕಿತು. 1996ರಲ್ಲಿ ಸುಮಾರು 140 ರೋಗಿಗಳ ಮೇಲೆ ಅಂಥ ಒಂದು ಔಷಧದ ಪರೀಕ್ಷೆಯ ಫಲ ಪ್ರಕಟವಾಯಿತು. ಹೆಚ್ಚು ಮದ್ದು ಪಡೆದವರಲ್ಲಿ ಹೆಚ್ಚು ಜನ ಸತ್ತಿದ್ದರು. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಮದ್ದೂ ದೊಡ್ಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮತ್ತೊಂದು ಬಗೆಯ ಮದ್ದು 2001ರಲ್ಲಿ ಮಹಾ ಸಂಭ್ರಮದಿಂದ ಮಾರುಕಟ್ಟೆಗೆ ಬಂದು, ಪ್ರಯೋಜನ ಸಿದ್ಧವಾಗದೆ 2011ರಲ್ಲಿ ಹಿಂದಕ್ಕೆ ಹೋಯಿತು.

ಕಾರಣವೇನು? ಓಣಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗ ಮೊದಲ ಕೂಗು ಕೇಳಿದರೆ ಜನ ಕೊಡ ಹಿಡಿದು ಓಡಿಬರುತ್ತಾರೆ. ಕೂಗು ನಿಲ್ಲದೆ ಊರಿಗೆ ಊರೇ ನುಗ್ಗಿದರೆ ಕಾಲ್ತುಳಿತದಲ್ಲಿ ಸಾಯುತ್ತಾರೆ. ಹಾಗೆಂದು ಮೊದಲು ಕೂಗಿದವನ ಬಾಯನ್ನೇ ಕಟ್ಟಿದರೆ ಮನೆ ಉರಿದುಹೋಗುತ್ತದೆ. ಟಿಎನ್‌ಎಫ್ ಆ ಮೊದಲ ಕೂಗು. ಕ್ರಿಮಿಯನ್ನು ಕೊಲ್ಲಲು ಅದು ಬೇಕು. ಇನ್ನೂ ಒಂದು ತೊಡಕಿದೆ. ಹೃದಯವು ಕುಗ್ಗುವುದೇ ಒಂದು ಆತ್ಮರಕ್ಷಣೆಯಿರಬಹುದೆಂದು ಹಲವು ಸಂಶೋಧಕರ ಊಹೆ: ಕಸುವಿನ ಕಣಗಳು ಕೆಟ್ಟಿರುವ ಸಮಯದಲ್ಲಿ ದುಡಿಮೆಯನ್ನು ತಗ್ಗಿಸಿ ಜೀವವನ್ನು ಉಳಿಸಿಕೊಳ್ಳುವ ಉಪಾಯ. 1984ರಲ್ಲಿ ಹಿಗ್ಗಿದ ಹೃದಯದವರೇ ಬದುಕಿದರೆಂಬ ವಿಚಿತ್ರವು ಈ ಊಹೆಯೊಡನೆ ಚೆನ್ನಾಗಿ ಹೊಂದುತ್ತದೆ. ಹಾಗಿರುವಾಗ ಕುಗ್ಗಿದ ಹೃದಯವನ್ನು ಚಾವಟಿಯಿಂದ ಓಡಿಸುವ ಮದ್ದು ಉಪಕಾರವೋ ಅಪಕಾರವೋ? ನನ್ನ ಅಭಿಪ್ರಾಯ ಕೇಳಿದರೆ, ಕೆಡಿಸುವ ಮಾತನ್ನು ತುಂಡರಿಸುವ ಮದ್ದಿಗಿಂತ, ಕಾಪಾಡುವ ಮಾತನ್ನು ಸರಿಯಾದ ಗಳಿಗೆಯಲ್ಲಿ ಬಲಪಡಿಸುವ ಮದ್ದೇ ಮುಂದೆ ಗೆಲ್ಲುವುದು. ಆದರೆ ಈ ಮಾತಿಗೆ ಆಧಾರ ಬಹುಪಾಲು ಇಲಿಗಳಲ್ಲಿದೆ. ಇಲಿಯ ಹೃದಯ ನಿಮಿಷಕ್ಕೆ 500 ಸಲಕ್ಕೂ ಮಿಗಿಲಾಗಿ ಮಿಡಿಯುತ್ತದೆ. ಪ್ರಯೋಗದ ಇಲಿ ಎಳೆಯದು, ಆರೋಗ್ಯವಂತ, ಒಂದೇ ಗಳಿಗೆಯಲ್ಲಿ ನಂಜೇರಿದ್ದು. ನಮ್ಮ ರೋಗಿಗೆ ಅರುವತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ, ಜ್ವರ ಹಿಡಿದು ನಾಲ್ಕು ದಿನವಾಗಿದೆ. ಪತ್ರಿಕೆಯಲ್ಲಿ ‘ಹೃದಯ ಕಾಯುವ ಕೋಶ ಪತ್ತೆ’ ಎಂಬ ತಲೆಬರಹ ಕಂಡಾಗ ಈ ಅಂತರವನ್ನು ಮನಸ್ಸಿನಲ್ಲಿಟ್ಟು ಓದುವುದು ಲೇಸು.

ಕಡೆಯದಾಗಿ, ಇಂದು ಕೈಯಲ್ಲಿರುವುದರ ಮಾತು. ಖುಲ್ತಾಬಾದ್ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬನಿಗೆ ನಂಜೇರಿತೆನ್ನಿ. ಅವನನ್ನು ಸಾಗಿಸಬೇಕಾದದ್ದು ಸುಮಾರು 25 ಕಿಲೋಮೀಟರು ದೂರದ ಛತ್ರಪತಿ ಸಂಭಾಜಿನಗರಕ್ಕೆ. ಅಲ್ಲಿ 1956ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ, ಆ ಕಡೆಯ ಜನರ ಬಾಯಲ್ಲಿ ಅದು ಬರಿಯ ‘ಘಾಟಿ’. ನಮ್ಮಲ್ಲಿಯಾದರೆ ಕಲಬುರಗಿಗೋ ಹುಬ್ಬಳ್ಳಿಗೋ ಸಾಗಿಸುತ್ತೇವೆ. ದಾರಿಯ ದೂರಕ್ಕಿಂತ ಹೊರಡುವ ಮುಂಚಿನ ತಡವೇ ದೊಡ್ಡದು. ಜ್ವರದೊಡನೆ ಏದುಸಿರು, ತೊದಲು ಮಾತು, ತಣ್ಣಗಾದ ಪಾದಗಳು, ಅರ್ಧ ದಿನವಾದರೂ ಆಗದ ಮೂತ್ರ: ಇವುಗಳಲ್ಲಿ ಒಂದೆರಡು ಕಂಡರೂ ಮಾರನೆಯ ಬೆಳಗಿನವರೆಗೆ ಕಾಯತಕ್ಕದ್ದಲ್ಲ. ರಕ್ತದ ಒತ್ತಡ ಬಿದ್ದ ರೋಗಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕೆಂಬುದು ಇಂದಿನ ನಿಯಮ. ಆಸ್ಪತ್ರೆಯಲ್ಲಿ ಜ್ವರ ಯಾವ ದಿನ ಬಂದಿತು, ಮೂತ್ರ ಕೊನೆಗೆ ಯಾವಾಗ ಆಯಿತು, ಊರಿನಲ್ಲಿ ಯಾವ ಇಂಜೆಕ್ಷನ್ ಕೊಟ್ಟರು ಎಂಬ ಮೂರು ಸಂಗತಿಗಳನ್ನು ಕೇಳುವ ಮುಂಚೆಯೇ ಹೇಳಿಬಿಡಿ.

ಇನ್ನೊಂದು ಸಂಗತಿಯನ್ನು ಮನೆಯವರು ತಿಳಿದಿರಬೇಕು. ಅಂಥ ದಿನಗಳಲ್ಲಿ ಎಕೋ ಮಾಡಿದ ವೈದ್ಯರು, ‘ಹಾರ್ಟ್ ವೀಕ್ ಆಗಿದೆ’ ಎಂದು ಹೇಳಬಹುದು. ಹೇಳಿದ್ದು ನಿಜವೇ. ಆದರೆ ರೋಗಿ ಬದುಕಿ ಮನೆಗೆ ಬಂದ ಮೇಲೆ, ಆ ಒಂದು ಚೀಟಿಯನ್ನು ನಂಬಿ, ಅವನನ್ನು ಆಜನ್ಮ ಹೃದ್ರೋಗಿಯೆಂದು ಎಣಿಸಿ, ಹೊಲಕ್ಕೆ ಬಿಡದೆ, ಮೆಟ್ಟಿಲು ಹತ್ತಗೊಡದೆ, ಕಟ್ಟೆಯ ಮೇಲೆ ಕೂರಿಸಿಬಿಡುವ ಮನೆಗಳಿವೆ. ನಂಜಿನಲ್ಲಿ ಕುಗ್ಗಿದ ಹೃದಯ ಬಹಳ ಮಂದಿಯಲ್ಲಿ ಕೆಲವೇ ವಾರಗಳೊಳಗೆ ಮೊದಲಿನಂತಾಗುತ್ತದೆಂದು ಆಗಲೇ ಹೇಳಿದೆನಷ್ಟೆ. ಆದಕಾರಣ ಆಸ್ಪತ್ರೆಯಿಂದ ಬಂದ ತಿಂಗಳು ಒಂದೂವರೆ ತಿಂಗಳಿಗೆ, ಮಾತ್ರೆಗಳನ್ನು ತಾವಾಗಿ ನಿಲ್ಲಿಸದೆ, ಹಳೆಯ ಚೀಟಿಯನ್ನು ಜೊತೆಯಲ್ಲಿಟ್ಟುಕೊಂಡು ಹೋಗಿ, ಎಕೋ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಎರಡು ಅಳತೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಅವನು ನೇಗಿಲು ಹಿಡಿಯಬಹುದೋ ಇಲ್ಲವೋ ಎಂಬುದನ್ನು ಆ ಎರಡನೆಯ ಅಳತೆಯ ಮೇಲೆ ನಿಶ್ಚಯಿಸಿ.